ತಾಯವ್ವನಿಗೊಂದು ಸರ್ಟಿಫಿಕೇಟು

"ಇದು ಬ್ಯಾಡ್ರೀ ಸರ. ಬ್ಯಾರೆ ಬರದ ಕೊಡ್ರಿ," ಎಂದು ಪಂಚಪ್ಪ ಸರ್ವಿಸ್ ಸರ್ಟಿಫಿಕೇಟನ್ನು ಮೇಜಿನ ಮೇಲೆ ವಾಪಸಿಟ್ಟ.

ಸುಪ್ರೀತ್ ತಬ್ಬಿಬ್ಬಾದ. ಇಂಡಸ್ಟ್ರಿಯಲ್ ಏರಿಯಾದ ಈ ಆಫೀಸಿನಲ್ಲಿ ಎಚ್.ಆರ್. ಕುರ್ಚಿಗೆ ಬಂದ ಮೇಲೆ ಇಂಥ ಇನ್ನೂರು ಕಾಗದವನ್ನಾದರೂ ಬರೆದುಕೊಟ್ಟಿದ್ದಾನೆ. ಓದಿ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಸೀಲು ಸರಿಯಾಗಿ ಬಿದ್ದಿದೆಯೇ ಎಂದು ನೋಡಿ, ಮಡಚಿ ಜೇಬಿಗಿಳಿಸಿ ಹೋಗುತ್ತಾರೆ. ಈ ಬಾದಾಮಿ ಕಡೆಯ ವೆಲ್ಡರ್ ಇಪ್ಪತ್ತನಾಲ್ಕು ವರ್ಷ ಇಲ್ಲಿ ಕತಾರಿನಲ್ಲಿ ದುಡಿದು ಗುರುವಾರ ಊರಿಗೆ ಹೊರಟಿರುವವನು. ಅವನಿಗೆ ಕಾಗದದಲ್ಲಿ ಏನು ಕೊರತೆ ಕಂಡಿತೋ.

"ಹೆಸರು ತಪ್ಪಾಗಿದೆಯಾ ಪಂಚಪ್ಪನವರೇ?"

"ಹೆಸರು ಬರೋಬ್ಬರಿ ಐತ್ರಿ. ಇಲ್ಲಿ 'ಹಿ ವಾಜ್ ಸಿನ್ಸಿಯರ್' ಅಂತ ಹಾಕೀರಲ್ಲ, ಫೋಟೋ ಹೊಡದು ಮಗಳಿಗೆ ಕಳಿಸಿದ್ನಿ. ನಮ್ಮ ಶಿಲ್ಪಶ್ರೀ ಸಾಲಿ ಟೀಚರ್ ಅದಾಳ್ರಿ. ಅಪ್ಪ ಪ್ರಾಮಾಣಿಕ ಇದ್ದ ಅಂತ ಆಕಿ ತಾಯಿಗೆ ಓದಿ ಹೇಳಿದ್ಳು. ನಮ್ಮಾಕಿ ತಾಯವ್ವ ಏನಂದ್ಳು ಗೊತ್ತೇನ್ರಿ? ಇದ್ದ ಅಂದ್ರ, ಈಗಿಲ್ಲೇನು?"

ಸುಪ್ರೀತ್‌ಗೆ ನಗು ತಡೆಯಲಾಗಲಿಲ್ಲ. "ಕೆಲಸ ಬಿಟ್ಟು ಹೋಗೋರಿಗೆ ಹಾಗೇ ಬರೆಯೋದು. ಬಿಡಿ, 'ಹ್ಯಾಸ್ ಆಲ್ವೇಸ್ ಬೀನ್' ಅಂತ ಹಾಕ್ತೀನಿ. ಮೊದಲಿಂದಲೂ ಹಾಗೇ ಇದ್ದಾರೆ, ಈಗಲೂ ಹಾಗೇ ಇದ್ದಾರೆ ಅಂತ ಅರ್ಥ."

"ಹಂಗ ಹಾಕ್ರಿ. ಪಸಂದ್ ಆತು," ಎಂದನೇ ಹೊರತು ಪಂಚಪ್ಪ ಕೂತಲ್ಲಿಂದ ಏಳಲಿಲ್ಲ.

"ಊರಲ್ಲಿ ಯಾವ ಕಂಪನಿಗೆ ಕೊಡಬೇಕು ಇದನ್ನ?"

"ಕಂಪನಿ ಎಲ್ಲೀದ್ರಿ, ಮನೀಗೆ. ತಾಯವ್ವಗ." ಪಂಚಪ್ಪ ತಲೆ ತಗ್ಗಿಸಿ ಅಂಗೈಯ ಸುಟ್ಟ ಕಲೆಗಳನ್ನು ತಿಕ್ಕಿಕೊಂಡ. "ಇಲ್ಲಿ ಮೂರು ಕಂಪನಿ ನೋಡೀನ್ರಿ. ಒಂದು ಬಿಟ್ಟು ಇನ್ನೊಂದಕ್ಕ ಹ್ವಾದಾಗೆಲ್ಲಾ, ಮನಷ್ಯಾ ಎಂಥಾಂವ ಅಂತ ಹಳೇ ಕಂಪನಿಯವ್ರು ಬರದ ಕೊಟ್ಟ ಮ್ಯಾಲೇ ಒಳಗ ಬಿಟ್ಟಾರ. ಲಗ್ನಾಗಿ ಇಪ್ಪತ್ತೈದು ವರ್ಷ ಆತು. ಎಲ್ಲಾ ರಜಾ ಕೂಡಿಸಿದ್ರೂ ನಾವಿಬ್ರೂ ಒಂದ ಸೂರಿನಾಗ ಇದ್ದದ್ದು ಮೂರು ವರ್ಷ ತುಂಬೂದಿಲ್ಲ. ಮೊನ್ನೆ ಆಕಿ ಅಂದ್ಳು, 'ಬರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನ ಗಂಡ ಎಂಥಾಂವ ಅಂತ ಯಾರರ ಕೇಳಿದ್ರ ನಾ ಏನ್ ಹೇಳ್ಲಿ' ಅಂತ. ನಗಕೋಂತನ ಅಂದ್ಳು ಖರೆ. ನನಗ ನಿದ್ದಿ ಹತ್ತಲಿಲ್ರಿ. ದೂರದ ಗುಡ್ಡ ನುಣ್ಣಗ ಅಂತಾರಲ್ಲ. ಇಷ್ಟ ದಿನ ದೂರ ಇದ್ನಿ. ಇನ್ನ ಕಲ್ಲು ಮುಳ್ಳು ಎಲ್ಲಾ ಕಾಣತಾವು."

ಈಗ ಸುಪ್ರೀತ್‌ಗೆ ನಗು ಬರಲಿಲ್ಲ. ಕಂಪ್ಯೂಟರಿನಲ್ಲಿದ್ದದ್ದನ್ನು ಮತ್ತೆ ಓದಿದ. ಸಮಯಪಾಲಕ, ವಿಧೇಯ, ಸುರಕ್ಷತಾ ನಿಯಮ ಮೀರದವನು. ಇವನ್ನು ಕಟ್ಟಿಕೊಂಡು ತಾಯವ್ವ ಏನು ಮಾಡಿಯಾಳು! ತನಗಾದರೂ ಈ ಮನುಷ್ಯನ ಬಗ್ಗೆ ಗೊತ್ತಿರುವುದು ಬ್ಯಾಡ್ಜಿನ ನಂಬರು ಮಾತ್ರ. ಹದಿನೆಂಟು ವರ್ಷದಿಂದ ಪಂಚಪ್ಪನ ಜೊತೆ ಒಂದೇ ರೂಮಿನಲ್ಲಿರುವ ಮೆಸ್ಸಿನ ಅಡುಗೆಯವ, ಮಂಗಳೂರಿನ ಇಬ್ರಾಹಿಂ ನೆನಪಾದ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಪಂಚಪ್ಪಣ್ಣನ ಬಗ್ಗೆಯಾ?" ಇಬ್ರಾಹಿಂನ ದನಿಯ ಹಿಂದೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. "ಗೊರಕೆ ಉಂಟು, ದೊಡ್ಡದು, ಬರೀರಿ. ಸಿಟ್ಟು ಬಂದ್ರೆ ಬೈಯುದಿಲ್ಲ, ಪಾತ್ರೆ ತೊಳೀತಾರೆ. ಮತ್ತೊಂದು ಉಂಟು ಸರ್. ಶುಕ್ರವಾರ ಹೆಂಡತಿಗೆ ಫೋನ್ ಮಾಡುವ ಮೊದಲು ಗಡ್ಡ ತೆಗೀಬೇಕು, ಸ್ನಾನ ಆಗಬೇಕು, ಇಸ್ತ್ರಿ ಮಾಡಿದ ಅಂಗಿ ಹಾಕಬೇಕು. ಈಗ ವಿಡಿಯೊ ಉಂಟು, ಸರಿ. ಆಗ ಕಾರ್ಡ್ ಫೋನು, ಸ್ವರ ಮಾತ್ರ. ಅಂಗಿ ಯಾರಿಗೆ ಕಾಣ್ತದೆ ಮಾರಾಯ್ರೆ ಅಂತ ಇಡೀ ರೂಮೇ ನಗ್ತಿತ್ತು. ಒಂದು ಶುಕ್ರವಾರವೂ ತಪ್ಪಿಸಲಿಲ್ಲ."

"ಅದನ್ನ ಬರೀಬ್ಯಾಡ್ರಿ ಸರ!" ಪಂಚಪ್ಪನ ಕಿವಿ ಕೆಂಪಾಯಿತು. ಐವತ್ತು ದಾಟಿದ ಗಂಡಸು ಹಸೆಮಣೆಯ ಮೇಲಿನ ಮದುಮಗನ ಹಾಗೆ ನೆಲ ನೋಡುತ್ತ ಕೂತ.

ಅಲ್ ವುಕೈರ್‌ನ ತನ್ನ ಮನೆಯಲ್ಲಿ ದಿನಾ ಎದುರಿಗೇ ಕೂತು ಮಾತಾಡುವ ಹೆಂಡತಿ ಸಂಜನಾಳತ್ತ, ಮೊಬೈಲಿನಿಂದ ತಲೆಯೆತ್ತಿ ತಾನು ಕೊನೆಗೆ ನೋಡಿದ್ದು ಯಾವಾಗ ಎಂದು ಸುಪ್ರೀತ್ ಯೋಚಿಸಿದ. ನೆನಪಾಗಲಿಲ್ಲ.

ಪಂಚಪ್ಪ ಬರೆಯಬೇಡಿ ಎಂದದ್ದನ್ನೇ ಮೊದಲು ಬರೆದ. ಮೊದಲಿನಿಂದಲೂ, ಈಗಲೂ, ಈತ ಹೆಂಡತಿಗೆ ಫೋನ್ ಮಾಡುವ ಮುಂಚೆ ಇಸ್ತ್ರಿ ಅಂಗಿ ತೊಡುವವನು ಎಂದು ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಚೊಕ್ಕ ಇಂಗ್ಲಿಷಿನಲ್ಲಿ ಕೂರಿಸಿದ. ಗೊರಕೆಯನ್ನೂ ಮುಚ್ಚಿಡಲಿಲ್ಲ. ಮೇಲೆ 'ಸಂಬಂಧಪಟ್ಟವರಿಗೆ' ಎಂದಿದ್ದುದನ್ನು ಅಳಿಸಿ ತಾಯವ್ವನ ಹೆಸರು ಹಾಕಿದ. ಸಹಿ ಮಾಡಿ ಸೀಲು ತೆಗೆದುಕೊಂಡಾಗ ಪಂಚಪ್ಪ ಮುಂದೆ ಬಾಗಿ, "ಜೋರಾಗಿ ಒತ್ರಿ ಸರ, ಇಲ್ಲಾಂದ್ರ ಆಕಿ ನಂಬೂದಿಲ್ಲ," ಎಂದ.

ಕಾಗದದ ಫೋಟೋ ಊರಿಗೆ, ಶಿಲ್ಪಶ್ರೀಗೆ ಹೋಯಿತು. ಸುಪ್ರೀತ್ ಇಬ್ಬರಿಗೂ ಚಹಾ ತರಿಸಿದ. ಪಂಚಪ್ಪ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ಕಾಯುತ್ತ ಕೂತ; ಚಹಾ ಆರಿ ತಣ್ಣಗಾಯಿತು. ಕೊನೆಗೆ ಒಂದು ದನಿಯ ಮೆಸೇಜು ಬಂತು. ಪಂಚಪ್ಪ ಫೋನನ್ನು ಸುಪ್ರೀತನತ್ತ ಸರಿಸಿದ. ಸುಪ್ರೀತನೇ ಒತ್ತಿದ.

ತಾಯವ್ವ ಮಾತಾಡಿದಳು.

"ಆ ಸಾಹೇಬ್ರಿಗೆ ಹೇಳ್ರಿ. ಕಿರಾಣಿ ಅಂಗಡಿ ಫೋನಿಗೆ ನೀವು ಮಾಡತಿದ್ರಲ್ಲ, ಆವಾಗೆಲ್ಲಾ ನಾನೂ ತಲಿ ಬಾಚಿ ಹೂ ಮುಡ್ಕೊಂಡ ಹೋಗತಿದ್ನಿ. ಯಾರ ಮದಿವಿಗೆ ಹೊಂಟೀ ಅಂತ ಓಣ್ಯಾಗ ಎಲ್ಲಾರೂ ನಗತಿದ್ರು. ನನಗ ಯಾರ್ ಬರದ ಕೊಡ್ತಾರ?"