ಒಂದು ಚೊಂಬು ತೀರ್ಥ

ಎಸ್ಸೆಲ್ಸಿ ಪಾಸಾಗು ಮಗಳೇ, ಅದರೊಳಗೇ ಕೂರಿಸ್ತೀನಿ ಎಂದು ಜವರಪ್ಪ ಮಾತು ಕೊಟ್ಟಾಗ ಮೀನಾಕ್ಷಿಗೆ ಐದು ವರ್ಷ. ತಲೆಯ ಮೇಲೆ ಹಾರಿಹೋದ ಪುಟ್ಟ ವಿಮಾನ ಬೇಕೇ ಬೇಕೆಂದು ಹಟ ಹಿಡಿದು ನೆಲದಲ್ಲಿ ಹೊರಳಾಡುತ್ತಿದ್ದಳು. ಅರಸೀಕೆರೆಯ ಹೊರಗೆ ಜಾವಗಲ್ ದಾರಿಯಲ್ಲಿದ್ದ ಆ ಸಣ್ಣ ವಿಮಾನ ಮೈದಾನಕ್ಕೆ ಅವನೇ ಕಾವಲುಗಾರ. ನೆಲದಡಿಯ ಪೆಟ್ರೋಲ್ ಟ್ಯಾಂಕನ್ನು ನೋಡಿಕೊಳ್ಳುವವನೂ ಅವನೇ. ಮಾತು ಕೊಡುವುದಕ್ಕೇನು, ಎಸ್ಸೆಲ್ಸಿ ಆಗ ಬಹಳ ದೂರವಿತ್ತು.

ಈಗ, ತೊಂಬತ್ತೆಂಟರ ಬೇಸಿಗೆಯಲ್ಲಿ, ಮೀನಾಕ್ಷಿ ಪಾಸಾಗಿದ್ದಳು. ಮೈದಾನ ಮುಚ್ಚುವ ಕಾಲವೂ ಬಂದಿತ್ತು. ಸೋಮವಾರ ವಿಮಾನ ಬೆಂಗಳೂರಿಗೆ ಹೋದರೆ ಮತ್ತೆ ಬರುವುದಿಲ್ಲ. ಅದನ್ನು ಹಾರಿಸುವ ಚನ್ನೇಶ್, ಜವರಪ್ಪ ಬಾಯಿ ತೆರೆಯುವ ಮೊದಲೇ, ಭಾನುವಾರ ಹುಡುಗೀನ ಕರ್ಕೊಂಡು ಬಾ ಎಂದಿದ್ದರು.

ಭಾನುವಾರ ಬೆಳಿಗ್ಗೆ ಜವರಪ್ಪ ದಿನದಂತೆ ಟ್ಯಾಂಕಿನಿಂದ ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ಬಿಸಿಲಿಗೆ ಎತ್ತಿದ. ವಿಮಾನದ ತಿಳಿನೀಲಿ ಪೆಟ್ರೋಲಿನ ಕೆಳಗೆ ಬಣ್ಣವಿಲ್ಲದ ನೀರು ನಿಂತಿತ್ತು. ಚೆಲ್ಲಿ ಮತ್ತೆ ಹಿಡಿದ. ಮತ್ತೆ ನೀರು. ಹೊಸ ಚೂಡಿದಾರ್ ಹಾಕಿ, ಎರಡು ಜಡೆಗೂ ಕನಕಾಂಬರ ಮುಡಿದು ನಿಂತಿದ್ದ ಮಗಳ ಕಡೆ ನೋಡಲಾರದೆ ಬಾಟಲಿಯನ್ನು ಚನ್ನೇಶರ ಕೈಗಿಟ್ಟ.

ಮಳೆಯ ಹನಿ ಬಿದ್ದಿಲ್ಲ, ಮುಚ್ಚಳಕ್ಕೆ ಬೀಗವಿದೆ. ಹಾಗಾದರೆ ಟ್ಯಾಂಕೇ ಎಲ್ಲೋ ತೂತಾಗಿ ನೆಲದ ನೀರು ಒಳಗೆ ಇಳಿಯುತ್ತಿರಬೇಕು, ಎಷ್ಟು ತೆಗೆದರೂ ನಂಬುವಂತಿಲ್ಲ ಎಂದರು ಚನ್ನೇಶ್. ವಿಮಾನದಲ್ಲಿ ಉಳಿದಿರುವುದು ಬೆಂಗಳೂರಿಗೆ ಸಾಕಾಗುವಷ್ಟೇ. ಮೇಲೆ ಹೋದಾಗ ಇಂಜಿನ್ನಿಗೆ ನೀರು ಸಿಕ್ಕರೆ ಅಲ್ಲೇ ನಿಂತುಬಿಡುತ್ತದೆ.

"ಬೇಡ ಜವರಪ್ಪ. ಮಗು ವಿಷಯ."

ಜವರಪ್ಪ ಬೀಗ ತೆಗೆದು, ಪೆಟ್ರೋಲ್ ಅಳೆಯುವ ಉದ್ದನೆಯ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ ಎತ್ತಿದ. ಕೋಲಿನ ತುದಿಗೆ ಒಂದು ತುಳಸಿ ಎಲೆ ಅಂಟಿಕೊಂಡಿತ್ತು.

ರಾತ್ರಿ ಹೊತ್ತು ಬೀಗದ ಕೈ ನೇತಾಡುವುದು ಮನೆಯ ದೇವರ ಪಟದ ಮೊಳೆಯಲ್ಲಿ. ಅವನು ಮಗಳ ಪಕ್ಕ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಬೋರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಗಳಕ್ಕೆ ಮುಂಚೆ ಅವಳು ಹಾಗೆಯೇ.

"ನಾನೇ ಹಾಕಿದ್ದು. ನೆನ್ನೆ ಮಾಲೇಕಲ್ಲಿಗೆ ಹೋಗಿ ತಂದ ತೀರ್ಥ. ರಸ್ತೇಲಿ ಹೋಗೋ ಲಾರಿಗೇ ನಿಂಬೆಹಣ್ಣು ಕಟ್ತಾರೆ. ನನ್ನ ಮಗೀನ ಆಕಾಶಕ್ಕೆ ಕರ್ಕೊಂಡೋಗೋದಕ್ಕೆ ಏನೂ ಬ್ಯಾಡ್ವಾ?"

"ರೆಕ್ಕೆ ಮೇಲೆ ಚಿಮುಕಿಸಿದ್ರೆ ಆಗ್ತಿರ್ಲಿಲ್ವೇನೇ?"

"ಮೇಲೆ ಚಿಮುಕಿಸಿದ್ರೆ ಒಣಗೋಯ್ತದೆ. ಹೊಟ್ಟೆಗೇ ಸೇರ್ಲಿ ಅಂತ."

ಚನ್ನೇಶ್ ನಗು ತಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ಗಂಭೀರವಾಗಿ ಕೇಳಿದರು, "ಎಷ್ಟು ಹಾಕಿದ್ರಿ ಬೋರಮ್ಮ?"

"ಒಂದು ಚೊಂಬು. ದೇವ್ರ ವಿಷ್ಯ, ಸುಳ್ಳು ಹೇಳಾಕಿಲ್ಲ."

ತೂತಿಲ್ಲ ಎಂದಮೇಲೆ ಹಾಕಿದಷ್ಟನ್ನು ತೆಗೆದರೆ ಆಯಿತು. ಅದೇ ಚೊಂಬು ಮನೆಯಿಂದ ಬಂತು. ಜವರಪ್ಪ ಬೆವರು ಸುರಿಸುತ್ತ ತಳದಿಂದ ಕೈಪಂಪು ಹೊಡೆದ. ಬಾಟಲಿಯಲ್ಲಿ ನೀರು ಕೆಳಗಿಳಿಯುವುದನ್ನು ಕಾದು, ಅಷ್ಟನ್ನೇ ಬೇರೆಮಾಡಿ ಚೊಂಬಿಗೆ ಹುಯ್ದರು. ಮೀನಾಕ್ಷಿ ಅಲುಗಾಡದೆ ಚೊಂಬು ಹಿಡಿದು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಕಂಠದವರೆಗೆ ತುಂಬಿತು. ಆಮೇಲೆ ಹಿಡಿದ ಬಾಟಲಿಗಳೆಲ್ಲ ತಳದವರೆಗೂ ನೀಲಿ. ಅಷ್ಟಾದರೂ ಚನ್ನೇಶ್ ಅವಸರ ಮಾಡಲಿಲ್ಲ. ಬಿಸಿಲು ಇಳಿಯುವವರೆಗೆ ಕಾದರು, ಮತ್ತೆ ನೋಡಿದರು, ವಿಮಾನಕ್ಕೆ ತುಂಬಿಸಿ ಇಂಜಿನ್ನನ್ನು ನೆಲದ ಮೇಲೇ ಬಹಳ ಹೊತ್ತು ಓಡಿಸಿದರು.

"ನೀವೂ ಹತ್ತಿ ಬೋರಮ್ಮ. ತೀರ್ಥ ಬಿಟ್ಟು ಹೋಗ್ತಿದೀವಿ, ತಂದೋರಾದ್ರೂ ಜೊತೇಲಿರ್ಲಿ."

ಬೋರಮ್ಮ ಕಣ್ಣು ಮುಚ್ಚಿಕೊಂಡೇ ಹತ್ತಿದಳು. ಜವರಪ್ಪನಿಗೂ ಒಂದು ಸೀಟಿತ್ತು. ಆದರೆ ಮಗಳು ಹತ್ತುವಾಗ ಚೊಂಬನ್ನು ಅವನ ಕೈಗೆ ಕೊಟ್ಟುಬಿಟ್ಟಿದ್ದಳು. ಪೆಟ್ರೋಲ್ ನಾರುವ ತೀರ್ಥವನ್ನು ಗಿಡದ ಬುಡಕ್ಕೆ ಹುಯ್ಯುವಂತಿಲ್ಲ, ಜನ ತುಳಿಯುವ ನೆಲಕ್ಕೆ ಚೆಲ್ಲುವಂತಿಲ್ಲ, ಕೆಳಗಿಡುವುದಕ್ಕೂ ಮನಸ್ಸು ಬಾರದು. ವಿಮಾನ ತೆಂಗಿನ ಸಾಲು ದಾಟಿ ಮೇಲೆದ್ದಾಗ ಅವನು ಎರಡೂ ಕೈಯಲ್ಲಿ ಚೊಂಬು ಹಿಡಿದು, ಕತ್ತೆತ್ತಿಕೊಂಡು ನಿಂತಿದ್ದ.

ಕೊಟ್ಟ ಮಾತು ನಡೆಯಿತು.