ಕಿವಿಯ ಹತ್ತಿ

ಕಬ್ಬಿಣವು ಮನುಷ್ಯರ ಕೊನೆಯ ಕೂಗನ್ನೂ ಆ ಗಳಿಗೆಯ ಸದ್ದನ್ನೂ ಹಿಡಿದಿಟ್ಟುಕೊಂಡು, ಬಿಚ್ಚಿದಾಗ ಹೊರಬಿಡತೊಡಗಿದಂದಿನಿಂದ ಗಣಿಯಲ್ಲಿ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡೇ ಬ್ರೇಕ್ ಬಿಚ್ಚುತ್ತಿದ್ದರು. ಮೆಕ್ಯಾನಿಕ್ ಹುಲಿಗೆಮ್ಮ ಇಂದು ಹತ್ತಿ ತೆಗೆದಿಟ್ಟಳು. ಇಳಿಜಾರಿನಲ್ಲಿ ನಿಂತಿದ್ದ ಈ ಡಂಪರಿನಡಿ ನಜ್ಜುಗುಜ್ಜಾಗಿ ಸತ್ತವನು ಅವಳ ತಮ್ಮ.

"ಬ್ರೇಕ್ ಫೇಲಾತಕ್ಕಾ" ಎಂದಿದ್ದ ಡ್ರೈವರ್ ಸಣ್ಣೀರಪ್ಪ, ಕಿವಿ ತುಂಬ ಹತ್ತಿ ಇಟ್ಟುಕೊಂಡು ಎದುರಿಗೇ ಬೀಡಿ ಸೇದುತ್ತಿದ್ದ.

ಎಣ್ಣೆ ಒರೆಸಿ ನೋಡಿದಳು. ಬ್ರೇಕಿನ ಒಂದು ಪ್ಲೇಟೂ ಸವೆದಿರಲಿಲ್ಲ. ಅವನ್ನು ಬಿಡಿಸುತ್ತಿದ್ದಂತೆ ಕಬ್ಬಿಣದೊಳಗಿಂದ ತಮ್ಮ ಅರಚಿದ: "ಬ್ರೇಕ್ ಬಿಡಬ್ಯಾಡೋ ಸಣ್ಣೀರಾ, ಕೆಳಗ ನಾ ಅದೀನಿ!" ಆಮೇಲೆ ಎಲುಬು ಪುಡಿಯಾದ ಸದ್ದು. ಅದರ ಹಿಂದೆಯೇ, ಅದೇ ಕಬ್ಬಿಣದಿಂದ, ಸಣ್ಣೀರಪ್ಪನ ನಗು.

ಹುಲಿಗೆಮ್ಮ ಪ್ಲೇಟುಗಳನ್ನು ಕ್ರಮವಾಗಿ ಜೋಡಿಸಿ, ಬೋಲ್ಟ್ ಬಿಗಿದು, ಕ್ಯಾಬಿನ್ ಹತ್ತಿದಳು. ಮುಂದಿನ ಗಾಲಿಗೆ ತಡೆಯಾಗಿ ಕೊಟ್ಟ ಕಲ್ಲು ತೆಗೆಯುವಂತೆ ಅವನಿಗೆ ಕೈಸನ್ನೆ ಮಾಡಿದಳು. ಅವನು ಬಗ್ಗಿ ಕಲ್ಲು ಎಳೆದ.

ಅವಳು ಹತ್ತಿಯನ್ನು ಮತ್ತೆ ಕಿವಿಗೆ ತುರುಕಿಕೊಂಡು ಬ್ರೇಕ್ ಬಿಟ್ಟಳು.