ಕುಂಕುಮದ ಕ್ಯಾಸೆಟ್

"ಅದನ್ನ ಮುಟ್ಟಬ್ಯಾಡ ತಂಗಿ!"

ಅಂಬಾದಾಸ ಕೂಗಿದ ರಭಸಕ್ಕೆ ಸಾಕ್ಷಿ ಕೈ ಹಿಂದಕ್ಕೆಳೆದುಕೊಂಡಳು. ಎದುರಿಗೆ ಎರಡು ಕ್ಯಾಸೆಟ್‌ಗಳಿದ್ದವು. ಎರಡರಲ್ಲೂ ಅದೇ ಹಳೆಯ ಬೈಕ್ ರೇಸ್ ಆಟ. ಎರಡರ ಚೀಟಿಯೂ ಎಂದೋ ಕಿತ್ತುಹೋಗಿತ್ತು. ಒಂದರ ಮೇಲೆ ಮಾತ್ರ ಒಣಗಿ ಕಪ್ಪಾದ ಕುಂಕುಮದ ಬೊಟ್ಟಿತ್ತು.

ಬಸವಕಲ್ಯಾಣದ ಮಾಣಿಕಮ್ಮನ ವಿಡಿಯೋ ಗೇಮ್ ಅಂಗಡಿಯಲ್ಲಿ ಅಂಬಾದಾಸನೆಂದರೆ ಉಸ್ತಾದ್. ವಯಸ್ಸು ಮೂವತ್ತೆಂಟು, ಬಟ್ಟೆ ವ್ಯಾಪಾರ ಕಸುಬು, ಉಪದೇಶ ಹವ್ಯಾಸ. ಆರು ವರ್ಷದಿಂದ ಅವನನ್ನು ಸೋಲಿಸಿದವರಿಲ್ಲ. ಟಿ.ವಿ. ಮುಂದಿನ ಕುರ್ಚಿ ಅವನದು, ಉಳಿದವರಿಗೆ ಚಾಪೆ. ಇವತ್ತು ಹುಮನಾಬಾದಿನಿಂದ ಬಂದ ಈ ಕಾಲೇಜು ಹುಡುಗಿ ಗೆದ್ದರೆ ಉಸ್ತಾದ್ ಎಂಬ ಹೆಸರೂ ಹೋಗುತ್ತದೆ, ಕುರ್ಚಿಯೂ ಹೋಗುತ್ತದೆ.

ಬೆಳಿಗ್ಗೆ ಕೈ ಪಳಗಲೆಂದು ಇಬ್ಬರೂ ಕುಂಕುಮದ ಕ್ಯಾಸೆಟ್‌ನಲ್ಲೇ ಆಡಿದ್ದರು. ಸಮ ಸಮ. ಅಂಬಾದಾಸನಿಗೆ ಊಟ ರುಚಿಸಲಿಲ್ಲ. ಕೈ ತೊಳೆದು ಬರುವಷ್ಟರಲ್ಲಿ ಹೊಸ ನಿಯಮ ಹುಟ್ಟಿತ್ತು: ಒಬ್ಬರಿಗೊಂದು ಕ್ಯಾಸೆಟ್, ಮೊದಲು ಆರಿಸುವವನು ಉಸ್ತಾದ್.

"ಯಾಕ್ರಿ ಅಣ್ಣಾ, ಎರಡೂ ಒಂದೇ ಅಲ್ಲೇನ್ರಿ?"

ಶಿಷ್ಯರು ಕಿಸಕ್ಕನೆ ನಕ್ಕರು. ಪಾಪ, ಏನೂ ಅರಿಯದ ಹುಡುಗಿ! ಈ ಆಟದ ಮೊದಲ ಆವೃತ್ತಿಯಲ್ಲಿ ಸೇತುವೆ ಹಾರಿದ ಬೈಕು ಅರ್ಧ ಸೆಕೆಂಡು ಬೇಗ ನೆಲ ಮುಟ್ಟುತ್ತದೆ. ಕಂಪನಿಯವರು ಅದನ್ನು ತಪ್ಪೆಂದು ಆಮೇಲಿನ ಆವೃತ್ತಿಯಲ್ಲಿ ತಿದ್ದಿದರು. ಪಂದ್ಯ ಆಡುವವರಿಗೆ ಬೇಕಾದದ್ದು ಆ ತಪ್ಪೇ. ಇಷ್ಟನ್ನೂ ಅಂಬಾದಾಸ ಮೊಬೈಲಿನಲ್ಲಿ ನೋಡಿ ಕಲಿತಿದ್ದ, ಸಾವಿರ ಸಲ ಹೇಳಿದ್ದ. ಆರು ವರ್ಷವೂ ಕುಂಕುಮದ ಕ್ಯಾಸೆಟ್ ಒಂದರಲ್ಲೇ ಎಲ್ಲರನ್ನೂ ಆಡಿಸಿದ್ದ. ಇನ್ನೊಂದನ್ನು ಹಾಕಿ ಅಳೆದು ನೋಡುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ಉಸ್ತಾದರು ಅಂಥ ಸಣ್ಣ ಕೆಲಸ ಮಾಡುವುದಿಲ್ಲ.

"ಹಳೇದು ಯಾವುದಂತ ಹ್ಯಾಂಗ ಗೊತ್ತಾತ್ರಿ?"

"ಕಣ್ಣಿಗಿ ಕಾಣವಲ್ದೇನು? ಎಷ್ಟು ದಸರಾ ಪೂಜಿ ಕಂಡದ ನೋಡು." ಅಂಬಾದಾಸ ಕುಂಕುಮದ ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡ. "ಖಾಲಿದು ನಿನ್ನೆ ಮೊನ್ನೇದು. ಅದು ನಿನಗ."

ಇದು ಮೋಸ. ಎಲ್ಲರಿಗೂ ಗೊತ್ತಿತ್ತು. ಸಾಕ್ಷಿಗೆ ಸಿಟ್ಟು ನೆತ್ತಿಗೇರಿತು. ಆದರೂ ಖಾಲಿ ಕ್ಯಾಸೆಟ್ ಎತ್ತಿಕೊಂಡಳು. ಮೂಲೆಯಲ್ಲಿ ಮಾಣಿಕಮ್ಮ, ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಟೇಬಲ್ ಫ್ಯಾನಿಗೆ ಬೊಟ್ಟಿಡುತ್ತಿದ್ದಳು. ಇವರ ತಕರಾರು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಅಂಬಾದಾಸ ಆಡಿದ. ಒಂದು ನಿಮಿಷ ನಲವತ್ತೆರಡು ಸೆಕೆಂಡು. ಅವನ ಜೀವಮಾನದಲ್ಲೇ ಇಷ್ಟು ಬೇಗ ಮುಗಿಸಿರಲಿಲ್ಲ. ಶಿಷ್ಯರು ಚಪ್ಪಾಳೆ ತಟ್ಟಿದರು.

ಸಾಕ್ಷಿ ಆಡಿದಳು. ಒಂದು ನಿಮಿಷ ನಲವತ್ತೊಂದೂವರೆ.

ಚಾಪೆಯ ಮೇಲಿದ್ದವರು ಬೆರಳು ಮಡಿಚಿ ಲೆಕ್ಕ ಹಾಕಿದರು. ಕೊನೆಗೆ ಹಿರಿಯ ಶಿಷ್ಯ ಸತೀಶಕುಮಾರ ಬಾಯಿಬಿಟ್ಟ. "ನಿಧಾನದ ಕ್ಯಾಸೆಟ್‌ನ್ಯಾಗ ಅರ್ಧ ಸೆಕೆಂಡ್ ಮುಂದ ಬಂದಳಂದ್ರ, ಹಳೇದ್ರಾಗ ಪೂರಾ ಒಂದು ಸೆಕೆಂಡ್ ಮುಂದ ಬರ್ತಿದ್ದಳ್ರಿ ಉಸ್ತಾದ್!" ಗುರು ಕಲಿಸಿದ ಲೆಕ್ಕವನ್ನು ಗುರುವಿಗೇ ಒಪ್ಪಿಸಿದ್ದ.

ಅಂಬಾದಾಸನ ಕಣ್ಣು ತುಂಬಿದವು. ಕುರ್ಚಿಯಿಂದ ಎದ್ದ. ಮೋಸ ಮಾಡಿಯೂ ಸೋತ ನಾಚಿಕೆ ಅವನ ಮುಖದಲ್ಲಿತ್ತು.

"ಕೂಡ್ರು ತಂಗಿ. ಹಳೇದು, ಹೊಸದು ಅಂತ ನಾ ಹೇಳಿದ್ದೆಲ್ಲಾ ಸುಳ್ಳು. ಕ್ಯಾಸೆಟ್‌ನ್ಯಾಗ ಏನೂ ಇಲ್ಲ, ಎಲ್ಲಾ ಕೈಯಾಗ ಅದ."

ಆರು ವರ್ಷದ ಉಪದೇಶವನ್ನು ಒಂದೇ ಗುಟುಕಿಗೆ ನುಂಗಿ, ಕುಂಕುಮದ ಕ್ಯಾಸೆಟ್ಟನ್ನು ಮಾಣಿಕಮ್ಮನ ಮುಂದಿಟ್ಟ. "ಈ ಮುದೀದನ್ನ ಎತ್ತಿ ಇಡ್ರಿ ಕಾಕು."

"ಮುದೀದು ಆ ಹುಡುಗಿ ಆಡಿದ್ದಲ್ಲೇನೋ, ಅದರ ಬೊಟ್ಟು ಎಂದೋ ಅಳಿಸಿ ಹೋಗ್ಯದ," ಎಂದಳು ಮಾಣಿಕಮ್ಮ, ಕುಂಕುಮದ ಬೆರಳನ್ನು ಸೆರಗಿಗೆ ಒರೆಸುತ್ತ. "ಇದು ಹೊಸಾದು ತಂದ ದಿನಾನೇ, ಈ ಫ್ಯಾನಿಗಿ ಹಚ್ಚಿದಂಗ, ಕುಂಕುಮ ಹಚ್ಚಿ ಒಳಗ ಇಟ್ಟೀನಿ."